ಕೂಗಬಾರದೆಂಬ ಅಪ್ಪಣೆ

ಕೊಡಗಿನ ನಮ್ಮೂರ ಹಾಕಿ ತಂಡವನ್ನು ಮೈಸೂರಿನ ಉದ್ಯಮಿ ಶ್ರೀಪತಿಯವರು ಕೊಂಡರು. ಮೈದಾನಕ್ಕೆ ಮೆತ್ತನೆಯ ಕುರ್ಚಿಗಳು ಬಂದವು. ಜೊತೆಗೆ ಅಪ್ಪಣೆಯೂ ಬಂತು. "ಅತಿಥಿಗಳಿಗೆ ಕಿರಿಕಿರಿಯಾಗುತ್ತೆ. ಯಾರೂ ಕೂಗಬಾರದು. ಕೂಗಿದವರನ್ನು ಹೊರಗೆ ಕಳಿಸಿ," ಎಂದು ಗೇಟು ಕಾಯುವ ಬೋಜಕ್ಕನಿಗೆ ಅವರೇ ಹೇಳಿದರು.

ಊರಿನವರು ಸಿಟ್ಟಾದರು. ಬೋಜಕ್ಕ ಸಮಾಧಾನ ಮಾಡಿದರು. "ಜಗಳ ಬೇಡ. ಫೈನಲ್ ದಿನ ಅವರು ಹೇಳಿದ ಹಾಗೇ ಸುಮ್ಮನೆ ಕೂತ್ಕೊಳ್ಳಿ."

ಫೈನಲ್‌ನ ಕೊನೇ ಗಳಿಗೆಯಲ್ಲಿ ನಮ್ಮವರು ಗೋಲು ಹೊಡೆದು ಗೆದ್ದರು. ಸಾವಿರಾರು ಜನ ಕೈಕಟ್ಟಿ ಕೂತಿದ್ದರು. ಗೋಲು ಹೊಡೆದ ಹುಡುಗ ಕಕ್ಕಾಬಿಕ್ಕಿಯಾಗಿ ನಿಂತ. ಒಬ್ಬರು ಮಾತ್ರ ಕುರ್ಚಿ ಹತ್ತಿ, ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅವರು ಶ್ರೀಪತಿಯವರು.

ಬೋಜಕ್ಕ ಹೋಗಿ ಕೈಮುಗಿದರು. "ಸಾರ್, ಇಲ್ಲಿ ಕೂಗುವ ಹಾಗಿಲ್ಲ. ದಯವಿಟ್ಟು ಹೊರಗೆ ಬನ್ನಿ."

"ಅಲ್ಲಮ್ಮಾ, ಗೆದ್ದಿದ್ದು ನನ್ನ ಟೀಮು. ಬಾಯಿ ಮುಚ್ಕೊಂಡು ಹೇಗಿರಲಿ?"

"ನಮ್ಮ ಕಷ್ಟವೂ ಅದೇ ಸಾರ್," ಎಂದರು ಬೋಜಕ್ಕ.

ಶ್ರೀಪತಿಯವರು ಸುತ್ತ ನೋಡಿದರು. ಸಾವಿರಾರು ಮುಖಗಳು ನಗು ತಡೆದುಕೊಂಡು ಕಾಯುತ್ತಿದ್ದವು. ಅವರಿಗೂ ನಗು ಬಂತು.

"ನಮ್ಮ ಟೀಮು ಗೆದ್ದಿದೆ, ಕೂಗಿ," ಎಂದರು.

ಆಮೇಲೆ ಅವರ ದನಿ ಅವರಿಗೇ ಕೇಳಿಸಲಿಲ್ಲ.