ಕೀಲಿಕೈಯ ಪ್ರತಿ

ಆ ಬುಧವಾರ ಎಂದಿನಂತೆ ಆಸ್ಪತ್ರೆಯ ಕಡತಗಳ ಪ್ರತಿಗಳನ್ನು ಜೋಡಿಸಿಡುತ್ತಿದ್ದ ಕ್ಲೌಡ್ ಉಗ್ರಾಣಕ್ಕೆ ಒಬ್ಬ ತಾಯಿಯ ಪತ್ರ ಬಂತು. "ನನ್ನ ಮಗಳು ವಾರಿಜಾ ತೀರಿಕೊಂಡಿದ್ದಾಳೆ. ತಾನು ವೈದ್ಯರಿಗೆ ಹೇಳಿದ್ದನ್ನು ಯಾರೂ ಓದಬಾರದೆಂದು ಕೇಳಿಕೊಂಡಿದ್ದಳು. ನಾನೂ ಓದಿಲ್ಲ. ಅಳಿಸಿಬಿಡಿ."

"ಅದೇನು ಮಹಾ! ಒರೆಸಿ ಮೇಲೆ ಸೊನ್ನೆ ಬರೆದುಬಿಡುತ್ತೇನೆ" ಎಂದಿತು ಅಲ್ಲಿ ಅಳಿಸುವ ಕೆಲಸದ ಡಸ್ಟರ್.

"ಪ್ರತಿಗಳು ಮೂರು ಊರುಗಳಲ್ಲಿವೆ. ಹಳೆಯ ಡಿಸ್ಕುಗಳಲ್ಲಿ ಇನ್ನೆಲ್ಲೆಲ್ಲಿ ಉಳಿದಿವೆಯೋ, ನನಗೇ ತಿಳಿಯದು" ಎಂದಿತು ಉಗ್ರಾಣ.

"ಹಾಗಾದರೆ ಡಿಸ್ಕುಗಳನ್ನೇ ಪುಡಿ ಮಾಡೋಣ" ಎಂದಿತು ಸುತ್ತಿಗೆ.

"ನಿಲ್ಲಪ್ಪಾ, ಅವುಗಳಲ್ಲೇ ಬೇರೆ ಸಾವಿರಾರು ಜನರ ಕಡತಗಳೂ ಇವೆ" ಎಂದು ಉಗ್ರಾಣ ತಡೆಯಿತು.

ಆಗ ವಾರಿಜಾಳ ಕಡತದ ಕೀಲಿಕೈ ಮುಂದೆ ಬಂದು, "ಅವಳ ಎಲ್ಲ ಪ್ರತಿಗಳೂ ಗೂಢಲಿಪಿಯಲ್ಲಿವೆ. ಅವನ್ನು ಓದಿಸಬಲ್ಲದ್ದು ನಾನೊಂದೇ. ನನ್ನನ್ನು ಅಳಿಸಿದರೆ ಸಾಕು" ಎಂದಿತು.

ಉಗ್ರಾಣ ಒಪ್ಪಿತು. ಆದರೆ ಏನನ್ನೇ ಅಳಿಸುವ ಮೊದಲು ಒಂದು ಪ್ರತಿ ತೆಗೆದಿಡುವುದು ಅದರ ಹುಟ್ಟುಗುಣ. ಸದ್ದಿಲ್ಲದೆ ಕೀಲಿಕೈಯ ಪ್ರತಿಯನ್ನೂ ತೆಗೆದಿಟ್ಟಿತು.

"ಅಣ್ಣಾ, ಒಳಗೆ ಏನಿಟ್ಟೆ?" ಎಂದು ಕೀಲಿಕೈ ಕೇಳಿತು.

"ನಾಳೆ ಆ ತಾಯಿಯೇ ಬಂದು ಮಗಳ ಮಾತು ಬೇಕೆಂದು ಅತ್ತರೆ? ನೀನು ಹೋದ ಮೇಲೆ ನಾನು ಎಲ್ಲಿಂದ ತರಲಿ?"

"ಅಳಬಹುದು. ಅದು ಗೊತ್ತಿದ್ದೂ, ತಾನೂ ಓದದೆ, ಅಳಿಸಿಬಿಡಿ ಎಂದು ಆ ತಾಯಿ ಬರೆದಿದ್ದಾಳಲ್ಲ, ಅಣ್ಣಾ."

 ಉಗ್ರಾಣ ಬಚ್ಚಿಟ್ಟ ಪ್ರತಿಯನ್ನು ಹೊರತೆಗೆದು, ಡಸ್ಟರಿನ ಮುಂದೆ, ಕೀಲಿಕೈಯ ಪಕ್ಕದಲ್ಲಿ ಇಟ್ಟಿತು.

ಕೀಲಿಕೈಯ ಮೂವತ್ತೆರಡು ಅಕ್ಷರಗಳಿದ್ದ ಜಾಗದಲ್ಲಿ ಈಗ ಮೂವತ್ತೆರಡು ಸೊನ್ನೆಗಳಿವೆ; ಅದರ ಪ್ರತಿಯ ಜಾಗದಲ್ಲೂ ಅಷ್ಟೇ.