ಕೆಂಡಕ್ಕೆ ಬಂದವರು

ಒಂದು ಒಗಟು ಹೇಳ್ತೇನೆ, ಬಿಡಿಸಿ. ಕೇಳಿದರೆ ಸಿಗುವುದಿಲ್ಲ, ಕೊಟ್ಟರೆ ತೆಗೆದುಕೊಳ್ಳುವ ಹಾಗಿಲ್ಲ, ಕದ್ದರೆ ಮಾತ್ರ ಮೊಳೆಯುತ್ತದೆ. ಊರಿಗೆಲ್ಲ ಉಣ್ಣುವಷ್ಟು, ಒಡತಿಗೆ ಮಾತ್ರ ಒಂದು ಕಾಳೂ ಇಲ್ಲ. ಏನದು?

ತಲೆ ಕೆರೆದುಕೊಳ್ಳಬೇಡಿ, ಬರುವುದಿಲ್ಲ. ನಮ್ಮ ಮಾಸ್ತರಿಗೇ ಬರಲಿಲ್ಲ, ಬರದ ಸಿಟ್ಟಿಗೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಉತ್ತರ ನಮ್ಮೂರಲ್ಲಿ ಹುಟ್ಟಿದವರಿಗಷ್ಟೇ ಗೊತ್ತು. ಅವರೂ ಹೇಳುವಾಗ ನಿಮ್ಮ ಮುಖ ನೋಡುವುದಿಲ್ಲ, ನೆಲ ನೋಡ್ತಾರೆ. ನಮ್ಮಜ್ಜಿ ಹೇಳಿದ ಹಾಗೇ ಹೇಳ್ತೇನೆ, ಹೂಂಗುಟ್ಟುತ್ತಾ ಕೇಳಿ.

ಬಹಳ ಹಿಂದೆ, ಸಮುದ್ರ ಈಗಿರುವುದಕ್ಕಿಂತ ಚೂರು ಆಚೆ ಇದ್ದಾಗ, ಒಂದು ಊರಿತ್ತಂತೆ. ಹೊಳೆ ಸಮುದ್ರಕ್ಕೆ ಸೇರುವ ಬಾಯಲ್ಲೇ ಆ ಊರು. ಊರಿನ ಗದ್ದೆಯೆಲ್ಲ ಗಜನಿ ಗದ್ದೆ, ಅಂದರೆ ಉಪ್ಪುನೀರು ಹತ್ತಿ ಇಳಿಯುವ ಕೆಸರು ನೆಲ. ಭರತ ಬಂದರೆ ಸಮುದ್ರ ಒಳಗೆ, ಇಳಿತ ಬಂದರೆ ಸಮುದ್ರ ಹೊರಗೆ. ನಡುವೆ ಒಂದು ಮಣ್ಣಿನ ಕಟ್ಟ. ಆ ಕಟ್ಟ ಇದ್ದರೆ ಊರುಂಟು, ಇಲ್ಲದಿದ್ದರೆ ಇಲ್ಲ.

ಆ ಊರಲ್ಲಿ ಗಣಪಿ ಅಂತ ಒಬ್ಬಳಿದ್ದಳಂತೆ. ಗಂಡ ದೋಣಿಯಲ್ಲಿ ಹೋದವನು ಬಂದಿರಲಿಲ್ಲ, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಸೋಗೆ ಮನೆ, ಒಂದು ಗದ್ದೆ, ಮತ್ತೆ ಕಗ್ಗ. ಕಗ್ಗ ಅಂದರೆ ಉಪ್ಪಿಗೆ ಹೆದರದ ಬತ್ತ. ಮೈಯೆಲ್ಲ ಕಪ್ಪು, ತುದಿಗೆ ಮೀಸೆ, ಒಳಗೆ ಕೆಂಪಕ್ಕಿ. ಉಪ್ಪುನೀರು ಬಂದಾಗ ಬಿದ್ದ ತೆನೆಯನ್ನು ಗಣಪಿ ಉಣ್ಣುತ್ತಿದ್ದಳಂತೆ, ಎದ್ದು ನಿಂತ ತೆನೆಯನ್ನು ಬೀಜಕ್ಕೆ ಇಡುತ್ತಿದ್ದಳಂತೆ. ವರ್ಷ ವರ್ಷವೂ ಹಾಗೇ. ಅದಕ್ಕೇ ಅವಳ ಕಗ್ಗದಂಥ ಕಗ್ಗ ಇನ್ನೆಲ್ಲೂ ಇರಲಿಲ್ಲವಂತೆ.

ಅವಳು ಕೆಸರನ್ನು ನಾಲಿಗೆಗೆ ಮುಟ್ಟಿಸಿ, ಈ ವರ್ಷ ಸಮುದ್ರ ಎಲ್ಲಿತನಕ ಬರುತ್ತದೆ ಅಂತ ಹೇಳುತ್ತಿದ್ದಳಂತೆ. ನಾನೂ ನೆಕ್ಕಿ ನೋಡಿದ್ದೇನೆ. ನನಗೆ ತಿಳಿದದ್ದು ಹೊಟ್ಟೆ ಎಲ್ಲಿತನಕ ಕೆಡುತ್ತದೆ ಅನ್ನುವುದಷ್ಟೇ. ಅವಳು ಬೈದರೆ ಏಡಿಗಳು ಕಟ್ಟ ಕೊರೆಯುವುದನ್ನು ಬಿಟ್ಟು ಹಿಂದೆ ಸರಿಯುತ್ತಿದ್ದವಂತೆ. ಏಡಿ ಸರಿಯುವುದೇ ಅಡ್ಡಡ್ಡ ಅಲ್ವಾ ಅಜ್ಜಿ ಅಂತ ಕೇಳಿದ್ದೆ. ಗಣಪಿ ಬೈದರೆ ನೆಟ್ಟಗೇ ಓಡುತ್ತಿದ್ದವು, ನಿನ್ನಂಥವನೂ ಓಡುತ್ತಿದ್ದ ಅಂದಳು ಅಜ್ಜಿ.

ಹೀಗಿರುವಾಗ ಮೇಲಿನ ಸೀಮೆಯಿಂದ ಬಿಳಿ ಬತ್ತ ಬಂತಂತೆ. ನುಣ್ಣಗಿನ ಕಾಳು, ಬೇಗ ಬರುವ ಬೆಳೆ, ಬೇಯಿಸಿದರೆ ಮಲ್ಲಿಗೆ ಅರಳಿದ ಹಾಗೆ. ಊರಿಗೆ ಊರೇ ಅದಕ್ಕೆ ಮರುಳಾಯಿತಂತೆ. ಆದರೆ ಗಜನಿಯಲ್ಲಿ ಗದ್ದೆಗೂ ಗದ್ದೆಗೂ ನಡುವೆ ನೀರು ಓಡಾಡುತ್ತದಲ್ಲ, ಗಣಪಿಯ ಕರಿಕಾಳು ತೇಲಿ ಬಂದು ಬಿಳಿ ಬತ್ತದಲ್ಲಿ ಹುಟ್ಟುತ್ತಿತ್ತಂತೆ. ಅನ್ನದ ಬಟ್ಟಲಲ್ಲಿ ಒಂದೊಂದು ಕೆಂಪಗುಳು. ಇಲಿ ಹಿಕ್ಕೆ ಬಿದ್ದ ಹಾಗಿದೆ ಅಂದರಂತೆ ಜನ.

ಆಗ ಊರಗೌಡನಾಗಿದ್ದವನು ಬೊಮ್ಮು. ಮುಚ್ಚಿಡುವುದೇನು, ಬೊಮ್ಮು ನಮ್ಮ ಮನೆತನದ ಹಿರಿಯನೇ. ಅವನು ಊರವರನ್ನು ಕರೆದು ಕೂರಿಸಿ, ಗಣಪಿಯ ಗದ್ದೆ ಊರ ನಡುವೆ ಬೇಡ, ಕಟ್ಟದ ಬುಡದಲ್ಲಿ ಕೊನೆಗದ್ದೆ ಮಾಡಿಕೊಳ್ಳಲಿ ಅಂದನಂತೆ. ಕೊನೆಗದ್ದೆ ಅಂದರೆ ಉಪ್ಪು ಮೊದಲು ಬರುವ, ಕಡೆಗೆ ಹೋಗುವ ಜಾಗ. ಗಣಪಿ ಏನೂ ಎದುರಾಡಲಿಲ್ಲವಂತೆ. ಹೋಗುತ್ತೇನೆ, ಆದರೆ ಮನೆಗೊಂದು ಮುಷ್ಟಿ ಕಗ್ಗ ಇಟ್ಟುಕೊಳ್ಳಿ, ಸಮುದ್ರಕ್ಕೆ ನಿಮ್ಮ ಬಿಳಿ ಬತ್ತದ ಗುರುತಿಲ್ಲ ಅಂದಳಂತೆ.

ಜನ ನಕ್ಕರಂತೆ. ಬೊಮ್ಮು ಎಲ್ಲರಿಗಿಂತ ಜೋರಾಗಿ ನಕ್ಕನಂತೆ. ನಕ್ಕು ಸುಮ್ಮನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ದೇವರ ಕಟ್ಟೆಯ ಮುಂದೆ ತೆಂಗಿನಕಾಯಿ ಇಡಿಸಿ, ಒಬ್ಬೊಬ್ಬರನ್ನೇ ಕರೆದು ಅದರ ಮೇಲೆ ಕೈ ಇಡಿಸಿದನಂತೆ. ಗಣಪಿಯ ಹತ್ತಿರ ಬೀಜ ಕೇಳುವುದಿಲ್ಲ, ಅವಳ ಕೈಯಿಂದ ಬೀಜ ಇಸಕೊಳ್ಳುವುದಿಲ್ಲ ಅಂತ ಆಣೆ. ಊರೆಲ್ಲ ಆಣೆ ಮಾಡಿತಂತೆ. ಮಕ್ಕಳ ಕೈಯನ್ನೂ ಹಿಡಿದು ಕಾಯಿಯ ಮೇಲೆ ಇಟ್ಟರಂತೆ.

ಗಣಪಿ ಕೊನೆಗದ್ದೆಗೆ ಹೋದಳು. ಹೋಗುವವಳನ್ನು ಹುಡುಗರು ‘ಮೀಸೆ ಗಣಪೀ’ ಅಂತ ಕೂಗಿ ಕಳಿಸಿದರಂತೆ.

ಮುಂದಿನ ಮಳೆಗಾಲ. ಬಿಳಿ ಬತ್ತ ಹೊಡೆ ಬಿಚ್ಚಿ ತೆನೆ ತೋರುವ ಹೊತ್ತಿಗೆ ಸಮುದ್ರ ಎದ್ದಿತಂತೆ. ಹೊಳೆಯ ನೆರೆ ಹಿಂದಿನಿಂದ, ಭರತ ಮುಂದಿನಿಂದ, ಕಟ್ಟ ನಡುವೆ ಹಪ್ಪಳದ ಹಾಗೆ ಮುರಿಯಿತಂತೆ. ಗಂಡಸರು ಹೆಂಗಸರು ಕೈಗೆ ಸಿಕ್ಕಿದ ಮಣ್ಣು, ಸೋಗೆ, ಮನೆಯ ಬಾಗಿಲು ಎಲ್ಲ ತಂದು ಅಡ್ಡ ಹಾಕಿದರಂತೆ. ನಿಲ್ಲಲಿಲ್ಲ. ನೀರು ಇಳಿದಾಗ ಬಿಳಿ ಬತ್ತ ಸುಟ್ಟ ಹುಲ್ಲಿನ ಹಾಗೆ ಮಲಗಿತ್ತಂತೆ. ಕೊನೆಗದ್ದೆಯಲ್ಲಿ ಮಾತ್ರ ಕಗ್ಗ ಮೈಕೊಡವಿಕೊಂಡು ಎದ್ದು ನಿಂತಿತ್ತಂತೆ. ಗಣಪಿ ಎದೆಮಟ್ಟದ ನೀರಿಗಿಳಿದು ಬರೀ ತೆನೆ ಕೊಯ್ದು, ಒಣಗಿಸಿ, ಹುಲ್ಲು ಸುತ್ತಿ ಬೀಜದ ಮುಡೆ ಕಟ್ಟಿಟ್ಟಳಂತೆ.

ಊರು ಆ ವರ್ಷ ಬಳಚಿನ, ಅಂದರೆ ಹೊಳೆಯ ಕೆಸರಲ್ಲಿ ಸಿಗುವ ಚಿಪ್ಪಿನ, ಮಾಂಸ ತಿಂದು ಬದುಕಿತು. ಕಟ್ಟವನ್ನೇನೋ ಮತ್ತೆ ಕಟ್ಟಿದರು, ಆದರೆ ಮಣ್ಣಿಗೆ ಉಪ್ಪು ಹಿಡಿದಿತ್ತಲ್ಲ. ಮೇಲಿನ ಸೀಮೆಯಿಂದ ಮತ್ತೆ ಬಿಳಿ ಬತ್ತ ತಂದು ಒಂದು ಮೂಲೆಯಲ್ಲಿ ಹಾಕಿ ನೋಡಿದರಂತೆ. ಮೊಳಕೆ ಬಂದದ್ದೇ ತುದಿ ಕರಟಿತಂತೆ. ಮಳೆಗೆ ಮೊದಲು ಕಗ್ಗ ಸಿಗದಿದ್ದರೆ ಊರು ಬಿಟ್ಟು ಹೋಗಬೇಕು, ಬೇರೆ ದಾರಿಯಿಲ್ಲ. ಕಗ್ಗ ಇದ್ದದ್ದು ಒಂದೇ ಮನೆಯಲ್ಲಿ. ಕೇಳುವ ಹಾಗಿಲ್ಲ, ಆಣೆಯಿದೆ. ಅವಳಾಗಿ ತಂದು ಕೊಟ್ಟರೂ ಮುಟ್ಟುವ ಹಾಗಿಲ್ಲ, ಅದಕ್ಕೂ ಆಣೆಯಿದೆ. ಗಣಪಿ ಒಮ್ಮೆ ಬುಟ್ಟಿಯಲ್ಲಿ ಬೀಜ ಹೊತ್ತು ಮನೆಮನೆಗೆ ಬಂದಳಂತೆ. ಅವಳು ಬರುವುದು ಕಂಡು ಎಲ್ಲರೂ ಬಾಗಿಲು ಹಾಕಿಕೊಂಡರಂತೆ.

ಆಮೇಲೆ ಗಣಪಿ ಒಂದು ಕೆಲಸ ಮಾಡಿದಳಂತೆ. ದಿನಾ ಇಳಿತದ ಹೊತ್ತಿಗೆ ಹೊಳೆಗೆ ಬಳಚು ಹೆಕ್ಕಲು ಹೋಗುತ್ತಿದ್ದವಳು, ಬಾಗಿಲನ್ನು ಹಾಗೇ ತೆರೆದಿಟ್ಟು ಹೋಗತೊಡಗಿದಳಂತೆ. ಅಟ್ಟದ ಮೇಲಿದ್ದ ಮುಡೆಯನ್ನು ಕೆಳಗಿಳಿಸಿ, ಬಾಯಿ ಬಿಚ್ಚಿ, ಬಾಗಿಲ ಹತ್ತಿರವೇ ಇಟ್ಟಳಂತೆ. ಬರುವಾಗ ಅಷ್ಟು ದೂರದಿಂದಲೇ ಕೆಮ್ಮುತ್ತಾ ಬರುತ್ತಿದ್ದಳಂತೆ. ಅವಳಿಗೆ ಕೆಮ್ಮೇನೂ ಇರಲಿಲ್ಲ.

ಜನ ಲೆಕ್ಕ ಹಾಕಿದರು. ಕೇಳಬಾರದು ಅಂತ ಆಣೆ, ಇಸಕೊಳ್ಳಬಾರದು ಅಂತ ಆಣೆ. ಕದಿಯಬಾರದು ಅಂತ ಆಣೆ ಮಾಡಿರಲಿಲ್ಲವಲ್ಲ. ನಮ್ಮೂರಿನವರ ಬುದ್ಧಿ ಅಂದರೆ ಹಾಗೇ ನೋಡಿ.

ಹೀಗೆ ಒಬ್ಬೊಬ್ಬರೇ ನಡುಹಗಲಲ್ಲಿ ಗಣಪಿಯ ಮನೆಗೆ ನುಗ್ಗಿದರಂತೆ. ಒಂದು ಸಲ ಕುಪ್ಪ ಅನ್ನುವವನು ಒಳಗಿದ್ದಾಗ ಬೀರಿ ಅನ್ನುವವಳು ಬಂದಳಂತೆ. ಅವನ ಪಂಚೆಯ ಮಡಿಲು ಉಬ್ಬಿತ್ತು, ಅವಳ ಸೆರಗು ಹರಡಿತ್ತು.

‘ಏನೋ ಕುಪ್ಪ, ಇಲ್ಲಿ?’

‘ಒಲೆಗೆ ಕೆಂಡ ಬೇಕಿತ್ತು ಅಂತ ಬಂದೆ ಮಾರಾಯ್ತಿ. ನೀನು?’

‘ನಾನೂ ಕೆಂಡಕ್ಕೇ ಬಂದೆ.’

ಒಲೆಯಲ್ಲಿ ಬೆಕ್ಕು ಮಲಗಿತ್ತಂತೆ. ಇಬ್ಬರೂ ಬೆಕ್ಕನ್ನು ನೋಡಿದರಂತೆ, ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ. ಆಮೇಲೆ ಊರಲ್ಲಿ ಎಲ್ಲರೂ ಅದನ್ನೇ ಕಲಿತರು. ಯಾರು ಎದುರಾದರೂ ಕೆಂಡಕ್ಕೆ ಬಂದೆ, ಕೆಂಡಕ್ಕೆ ಬಂದೆ. ಗಣಪಿಗೆ ದಿನದಿಂದ ದಿನಕ್ಕೆ ಹೊಳೆಯಲ್ಲಿ ಹೊತ್ತಾಗತೊಡಗಿತಂತೆ. ಇಳಿತ ಮುಗಿದು ಭರತ ಹತ್ತಿ, ಸೊಂಟದ ತನಕ ನೀರು ಬಂದರೂ ಅವಳು ಮೇಲೆ ಬರುತ್ತಿರಲಿಲ್ಲವಂತೆ. ಪಾಪ, ಎಲ್ಲರ ಕಳ್ಳತನ ಮುಗಿಯಬೇಕಲ್ಲ.

ಎಲ್ಲರಿಗಿಂತ ಕಡೆಗೆ ಬಂದವನು ಬೊಮ್ಮು. ಗೌಡ ಅಲ್ಲವೇ, ಮೊದಲು ಬರಲು ಮರ್ಯಾದೆ ಬಿಡಲಿಲ್ಲ, ಕಡೆಗೆ ಹಸಿವು ಬಿಡಲಿಲ್ಲ. ಅವನು ಬಂದಾಗ ಮುಡೆ ಹರಿದ ಚಾಪೆಯ ಹಾಗೆ ಬಿದ್ದಿತ್ತಂತೆ. ತಳದಲ್ಲಿ ಒಂದೇ ಮುಷ್ಟಿ ಬೀಜ. ಅದು ಗಣಪಿಯ ಪಾಲು ಅಂತ ಬೊಮ್ಮುವಿಗೆ ಗೊತ್ತಾಗಲಿಲ್ಲ ಅಂತ ಹೇಳೋಣವೆಂದರೆ, ಗೊತ್ತಾಗಿತ್ತಂತೆ. ಕೈ ಹಾಕಿದ, ಮುಷ್ಟಿ ಕಟ್ಟಿದ, ತಿರುಗಿದ. ಅಂಗಳದಲ್ಲಿ ಬಳಚಿನ ಬುಟ್ಟಿ ಹೊತ್ತು ಗಣಪಿ ನಿಂತಿದ್ದಳು. ಆ ದಿನ ಮಾತ್ರ ಅವಳು ಕೆಮ್ಮಲು ಮರೆತಿದ್ದಳಂತೆ.

ಬೊಮ್ಮುವಿನ ಬಾಯಿಂದ ಕೆಂಡ ಅನ್ನುವ ಮಾತೂ ಬರಲಿಲ್ಲವಂತೆ. ಗಣಪಿಯೇ ಮುಖ ತಿರುಗಿಸಿ, ಹೊಳೆಯ ಕಡೆ ನೋಡುತ್ತಾ ಹೇಳಿದಳಂತೆ.

‘ನಾನಿನ್ನೂ ಹೊಳೆಯಲ್ಲೇ ಇದ್ದೇನೆ ಅಂದ್ಕೊ ತಮ್ಮಾ.’

ಅಷ್ಟೇ. ಬೊಮ್ಮು ಅವಳ ಬೆನ್ನ ಹಿಂದಿನಿಂದ ದಾಟಿ ಹೋದನಂತೆ. ಮುಷ್ಟಿ ಬಿಚ್ಚಲಿಲ್ಲವಂತೆ. ಇಲ್ಲಿಗೆ ಬಂದಾಗ ನಮ್ಮಜ್ಜಿ ಎಲೆಯಡಿಕೆ ಉಗುಳಲು ಎದ್ದು ಹೋಗುತ್ತಾಳೆ. ಬಾಯಲ್ಲಿ ಎಲೆಯಡಿಕೆ ಇರುವುದೇ ಇಲ್ಲ.

ಮಳೆ ಬಂತು. ಉಪ್ಪು ತೊಳೆಯಿತು. ಊರೆಲ್ಲ ಕಗ್ಗ ಬಿತ್ತಿತು. ಕದ್ದ ಬೀಜ ಒಂದೂ ಹುಸಿಹೋಗಲಿಲ್ಲವಂತೆ, ಗಜನಿಯ ತುಂಬ ಹಸಿರು ಗೋಡೆ ಎದ್ದು ನಿಂತಿತಂತೆ. ಕಟ್ಟದ ಬುಡದ ಕೊನೆಗದ್ದೆಯಲ್ಲಿ ಮಾತ್ರ ಬರೀ ನೀರು. ನೀರಲ್ಲಿ ಮೋಡ ಕಾಣುತ್ತಿತ್ತಂತೆ. ಎಲ್ಲರೂ ನೋಡಿದರು. ಒಂದು ಹಿಡಿ ತಿರುಗಿ ಕೊಡೋಣ ಅಂತ ಎಲ್ಲರಿಗೂ ಅನ್ನಿಸಿತಂತೆ. ಆದರೆ ಕೊಟ್ಟರೆ, ಇದು ಎಲ್ಲಿಂದ ಬಂತು ಅಂತ ಒಪ್ಪಿಕೊಂಡ ಹಾಗಾಗುತ್ತದಲ್ಲ. ಅದಕ್ಕೇ ಜನ ಕಟ್ಟದ ದಾರಿ ಬಿಟ್ಟು ಸುತ್ತುದಾರಿ ಹಿಡಿದರಂತೆ. ಗಣಪಿ ಮಾತ್ರ ದಿನಾ ಕಟ್ಟದ ಮೇಲೆ ಓಡಾಡಿ, ಊರವರ ಕಗ್ಗಕ್ಕೆ ತೊಂದರೆ ಆಗದಿರಲಿ ಅಂತ ಏಡಿ ಕೊರೆದ ತೂತು ಮುಚ್ಚುತ್ತಿದ್ದಳಂತೆ.

ಕೊಯ್ಲು ಬಂತು. ಕೊಯ್ಲಿನ ಮಾರನೆಯ ದಿನ ಗಣಪಿ ಹೊಳೆಗೆ ಇಳಿದದ್ದೇ ತಡ, ಕುಪ್ಪ ಮಡಿಲಲ್ಲಿ ಬತ್ತ ಕಟ್ಟಿಕೊಂಡು ಅವಳ ಮನೆಗೆ ಓಡಿದ. ಅಲ್ಲಿ ಬೀರಿ ಆಗಲೇ ಇದ್ದಳು. ಕೆಂಡಕ್ಕೆ ಬಂದೆ ಅಂದ. ನಾನೂ ಕೆಂಡಕ್ಕೇ ಅಂದಳು. ಹಿಂದಿನಿಂದ ಇಡೀ ಊರು ಸಾಲು ಹಿಡಿದು ಕೆಂಡಕ್ಕೆ ಬಂತು. ಮುಡೆ ಎಷ್ಟು ದಪ್ಪವಾಯಿತೆಂದರೆ ಬಾಗಿಲು ಹಾಕಲೂ ಬರಲಿಲ್ಲ, ದಾಟಲೂ ಬರಲಿಲ್ಲ, ಬೆಕ್ಕು ಒಳಗೇ ಸಿಕ್ಕಿಬಿತ್ತು. ಗಣಪಿ ಹಿಂದಿರುಗಿದಾಗ ಅಂಗಳದಲ್ಲಿ ಬೊಮ್ಮು ಒಬ್ಬನೇ ನಿಂತಿದ್ದ. ಅವಳಿಗೆ ಬೆನ್ನು ಮಾಡಿ, ಹೊಳೆಯ ಕಡೆ ನೋಡುತ್ತಾ ಹೇಳಿದ.

‘ನಾನಿನ್ನೂ ಗದ್ದೆಯಲ್ಲೇ ಇದ್ದೇನೆ ಅಂದ್ಕೊ ಅಕ್ಕಾ.’

ಗಣಪಿ ನಕ್ಕಳು. ಅವಳು ನಕ್ಕದ್ದಕ್ಕೆ ಏಡಿಗಳೆಲ್ಲ ತೂತಿನಿಂದ ಹೊರಗೆ ಬಂದು ನೋಡಿದವು.

ಇವತ್ತಿಗೂ ನಮ್ಮೂರಲ್ಲಿ ಕಗ್ಗದ ಬೀಜವನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಬೇಕಾದವರು ಬಂದು, ಕೆಂಡಕ್ಕೆ ಬಂದೆ ಅನ್ನುತ್ತಾರೆ. ಮನೆಯಾಕೆ ಗ್ಯಾಸ್ ಒಲೆ ಆರಿಸಿ, ಬೀಜದ ಬುಟ್ಟಿ ಮೆಟ್ಟಿಲ ಮೇಲಿಟ್ಟು, ಹಿತ್ತಲಿಗೆ ಹೋಗಿ ಕೆಮ್ಮದೆ ನಿಲ್ಲುತ್ತಾಳೆ. ಬಿತ್ತುವ ದಿನ ಮನೆಗೊಬ್ಬರು ಮೊದಲ ಹಿಡಿಯನ್ನು ಕೊನೆಗದ್ದೆಗೆ ಎರಚುತ್ತಾರೆ. ಮುಖ ಆಚೆ ತಿರುಗಿಸಿಕೊಂಡೇ ಎರಚಬೇಕು. ಆ ಗದ್ದೆಯ ಬೆಳೆಯನ್ನು ಯಾರೂ ಕೊಯ್ಯುವುದಿಲ್ಲ, ಹಕ್ಕಿಗಳು ತಿನ್ನುತ್ತವೆ. ನಮ್ಮ ಮನೆಯಿಂದ ಈಗ ನಾನೇ ಎರಚುವುದು.

ಮೊನ್ನೆ ಈ ಕತೆಯನ್ನು ಅಜ್ಜಿಯ ಮುಂದೆಯೇ ಹೀಗೆ ಹೇಳಿದೆ. ಅವಳು ಪೂರ್ತಿ ಕೇಳಿ, ಮುಡೆ ತುಂಬಿಸಿಕೊಟ್ಟಿದ್ದರೆ ನಾವ್ಯಾಕೋ ಇನ್ನೂ ಮುಖ ತಿರುಗಿಸಿಕೊಂಡು ಎರಚ್ತೇವೆ ಅಂದಳು.

ಸರಿ, ಒಪ್ಪುತ್ತೇನೆ. ಕೊಯ್ಲಿನ ತನಕ ಗಣಪಿ ಊರಲ್ಲಿ ಇರಲೇ ಇಲ್ಲ. ತೆನೆ ಬಲಿಯುವ ಮೊದಲೇ ಒಂದು ಇಳಿತದಲ್ಲಿ ಹೊಳೆಗೆ ಇಳಿದವಳು ಅತ್ತ ದಡಕ್ಕೆ ಹತ್ತಿ ಹೋದಳಂತೆ, ಎಲ್ಲಿಗೆ ಅಂತ ಯಾರೂ ಕೇಳಲಿಲ್ಲವಂತೆ. ಬಾಗಿಲು ತೆರೆದೇ ಇತ್ತಂತೆ. ಸಾಲು ಹಿಡಿದು ಬಂದ ಊರು, ದಪ್ಪಗಾದ ಮುಡೆ, ನಕ್ಕ ಗಣಪಿ, ಎಲ್ಲ ನಾನು ಸೇರಿಸಿದ್ದು. ಅದಕ್ಕೇ ಅಲ್ಲಿ ಒಂದು ಸಲವೂ ‘ಅಂತೆ’ ಅನ್ನಲಿಲ್ಲ, ನೋಡಿ. ಬೊಮ್ಮುವೂ ಅಂಗಳದಲ್ಲಿ ನಿಂತು ಆ ಮಾತು ಆಡಲಿಲ್ಲ. ನಮ್ಮ ಮನೆಯವರು ಯಾರಾದರೂ ಒಬ್ಬರು ಆಡಬೇಕಿತ್ತಲ್ಲ, ನಾನೇ ಆಡಿಸಿದೆ.