ಫಕೀರವ್ವ ಹೂಂ ಅಂದ ಮೇಲೆ

ಕೆಂಗಲ್ಲೂರು ಮಠದ ಶ್ರೀ ಚಿದ್ಘನ ಮಹಾಸ್ವಾಮಿಗಳು ದಾಸೋಹದ ಮನೆಯಲ್ಲಿ ನೆಲಕ್ಕೆ ಕುಳಿತು ಮೆಂತ್ಯೆಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದರು. ಮಠದ ಶಾಲೆಯ ಶಿವಪುತ್ರಪ್ಪ ಮಾಸ್ತರರು ಜಾಣ ವಿದ್ಯಾರ್ಥಿನಿ ಗೌರವ್ವನನ್ನು ಕರೆದುಕೊಂಡು ಬಂದರು. ಅವರ ಮುಖದಲ್ಲಿ ಕಳೆಯೇ ಇರಲಿಲ್ಲ. ಮಕ್ಕಳಿಗೆ ಓದಿದ್ದು ಒಂದೂ ತಿಳಿದಿಲ್ಲ, ತಿಂಗಳಲ್ಲಿ ಸುಧಾರಿಸದಿದ್ದರೆ ಶಾಲೆ ಮುಚ್ಚಿಸುತ್ತೇನೆಂದು ಇನ್ಸ್‌ಪೆಕ್ಟರ್ ಸಾಹೇಬರು ಹೇಳಿ ಹೋಗಿದ್ದರು.

"ಅಜ್ಜಾರ, ಈಕಿ ಎಲ್ಲೂ ತಡವರಿಸೂದಿಲ್ಲ. ನೀವ ಕೇಳ್ರಿ."

ಗೌರವ್ವ ಅರಳು ಹುರಿದಂತೆ ಓದಿದಳು. ಬಾಯಾರಿದ ದಾರಿಹೋಕನೊಬ್ಬ ತನ್ನ ತಂಬಿಗೆಯ ನೀರನ್ನು ಬಾಡಿದ ಸಸಿಗೆ ಎರೆದ ಕತೆ ಅದು.

"ಏನಾತವ್ವ ಅದರಾಗ?" ಎಂದು ಶ್ರೀಗಳು ಕೇಳಿದರು. ಆಕೆ ಮತ್ತೆ ಮೊದಲ ಸಾಲಿನಿಂದ ಒಪ್ಪಿಸತೊಡಗಿದಳು. ಪಾಪ, ಅವಳ ತಪ್ಪೇನು? ಓದುತ್ತ ನಡುವೆ ನಿಂತವರಿಗೆ ಮಾಸ್ತರರ ಛಡಿ ಏಟು ಕಾದಿರುತ್ತಿತ್ತು.

"ಮಾಸ್ತರ, ಪುರಾಣ ಹಚ್ಚಿದಾಗ ಒಬ್ಬರು ಓದತಾರ, ಇನ್ನೊಬ್ಬರು ಅರ್ಥ ಹೇಳತಾರ. ನೀವು ಅರ್ಧಾನ ಕಲಿಸೀರಿ," ಎಂದ ಶ್ರೀಗಳು ಅಡುಗೆಯ ಫಕೀರವ್ವನನ್ನು ಕರೆದರು. "ಗೌರವ್ವ, ಒಂದೊಂದ ಸಾಲು ಓದಿ ಈಕಿಗೆ ಅರ್ಥ ಹೇಳು. ಈಕಿ ಹೂಂ ಅಂದ ಮ್ಯಾಲ ಮುಂದಿನ ಸಾಲು."

ಅಕ್ಷರವೇ ಬಾರದ ಹೆಂಗಸಿನಿಂದ ಓದಿನ ಪಾಠವೇ? ಮಾಸ್ತರರಿಗೆ ಒಳಗೊಳಗೇ ಉರಿಯಿತು.

ಫಕೀರವ್ವ ಅಷ್ಟು ಸುಲಭಕ್ಕೆ ಹೂಂ ಅನ್ನುವವಳಲ್ಲ. "ತಾನ ನೀರಡಿಸ್ಯಾನ, ಗಿಡಕ್ಯಾಕ ಹಾಕಿದ?"

ಗೌರವ್ವ ಪುಸ್ತಕದಲ್ಲಿ ಹುಡುಕಿದಳು. ಅಲ್ಲಿ ಬರೆದಿರಲಿಲ್ಲ. ಹಿಂದಿನ ಸಾಲುಗಳಿಗೆ ಹೋಗಿ ಮತ್ತೆ ಓದಿದಳು. ಆಮೇಲೆ ಮೆಲ್ಲಗೆ, "ಆ ದಾರ್ಯಾಗ ಎಲ್ಲೂ ನೆರಳಿಲ್ಲಂತ ಮೊದಲ ಹೇಳ್ಯಾರಬೇ. ಹಿಂದ ಬರವರಿಗೆ ನೆರಳಾಗಲಿ ಅಂತ ಹಾಕ್ಯಾನ," ಎಂದಳು.

"ಹೂಂ," ಎಂದಳು ಫಕೀರವ್ವ. ಇಪ್ಪತ್ತು ವರ್ಷ ಕಲಿಸಿದ ಪಾಠ ಮಾಸ್ತರರಿಗೂ ಅಂದೇ ತಿಳಿದದ್ದು.

ತಿಂಗಳಿಡೀ ಮಕ್ಕಳೆಲ್ಲ ಸರದಿಯಂತೆ ಫಕೀರವ್ವನೆದುರು ಓದಿದರು. ಸಾಹೇಬರು ಮತ್ತೆ ಬಂದು, ಯಾರೂ ನೋಡಿರದ, ಅರಸನೊಬ್ಬನ ಕತೆಯ ಪುಸ್ತಕವನ್ನು ಗೌರವ್ವನ ಕೈಗಿತ್ತರು. ಆಕೆ ನಡುವೆ ನಿಂತಳು, ಎರಡು ಸಾಲು ಹಿಂದಕ್ಕೆ ಹೋದಳು. ಓದಿ ಮುಗಿಸಿ ಪುಸ್ತಕ ಮುಚ್ಚಿದ ಹುಡುಗಿ ಇಡೀ ಕತೆಯನ್ನು ತನ್ನದೇ ಮಾತಿನಲ್ಲಿ ಹೇಳಿ, "ಇದರಾಗ ಅರಸಂದ ತಪ್ಪಲ್ಲೇನ್ರಿ ಸಾಹೇಬ್ರ?" ಎಂದು ಅವರನ್ನೇ ಕೇಳಿಬಿಟ್ಟಳು! ಸಾಹೇಬರು ಪುಸ್ತಕ ಇಸಿದುಕೊಂಡು ತಾವೇ ಮತ್ತೊಮ್ಮೆ ಓದಿದರು. "ಹೌದವ್ವ, ಅರಸಂದ ತಪ್ಪು," ಎಂದು ನಕ್ಕು, ಶಾಲೆ ನಡೆಯಲೆಂದು ಬರೆದು ಸಹಿ ಹಾಕಿದರು. ಮಕ್ಕಳ ಕೇಕೆ ಮಠದ ತುಂಬ ಕೇಳಿಸಿತು.

ಮಾಸ್ತರರು ದಾಸೋಹದ ಮನೆಗೆ ಓಡಿಬಂದು ಶ್ರೀಗಳ ಪಾದಕ್ಕೆರಗಲು ಬಾಗಿದರು. ಶ್ರೀಗಳು ಪಾದ ಹಿಂದೆಳೆದುಕೊಂಡು ಒಲೆಯ ಕಡೆ ಕೈ ತೋರಿದರು. ಮಾಸ್ತರರು ಒಂದು ಗಳಿಗೆಯೂ ಯೋಚಿಸದೆ ಫಕೀರವ್ವನಿಗೆ ಅಡ್ಡಬಿದ್ದರು.

"ಅಯ್ಯ ಶಿವನ, ಏಳ್ರಿ ಮಾಸ್ತರ!" ಎಂದು ಆಕೆ ಹೌಹಾರಿದಳು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, "ಅಡ್ಡಬೀಳೂದು ಬ್ಯಾಡ. ನನಗೂ ಒಂದೀಟು ಓದಾಕ ಕಲಸ್ರಿ," ಎಂದಳು.

ಮರುದಿನ ಶಾಲೆಯ ಮೊದಲ ಸಾಲಿನಲ್ಲಿ ಗೌರವ್ವನ ಪಕ್ಕ ಫಕೀರವ್ವ ಕುಳಿತಿದ್ದಳು.